ಮೂತಿ ಏಕೆ ಏಳುತ್ತದೆ, ರೆಕ್ಕೆ ಏಕೆ ಹೊರುವುದಿಲ್ಲ: ರೆಕ್ಕೆಯುಳ್ಳ ಹೋವರ್‌ಕ್ರಾಫ್ಟಿನ ದೋಷ ಪತ್ತೆ

ರೆಕ್ಕೆ ಕಟ್ಟಿದ ಹೋವರ್‌ಕ್ರಾಫ್ಟ್ ಹತೋಟಿಗೆ ಸಿಗುತ್ತಿಲ್ಲ ಎಂಬ ದೂರು ಬಂದಾಗ ನಾನು ಮೊದಲು ಕೇಳುವುದು ಒಂದೇ ಪ್ರಶ್ನೆ: ಎಷ್ಟು ವೇಗದಲ್ಲಿ? ಹೆಚ್ಚಿನವರ ಬಳಿ ಇದಕ್ಕೆ ಉತ್ತರ ಇರುವುದಿಲ್ಲ. ಮೂತಿ ಕುಣಿಯಿತು, ಪಕ್ಕಕ್ಕೆ ಜಾರಿತು, ಎದ್ದು ಬಿದ್ದಿತು ಎನ್ನುತ್ತಾರೆ. ಆಗ ವೇಗ ಎಷ್ಟಿತ್ತು ಎಂದು ನೋಡಿರುವುದಿಲ್ಲ. ಆ ಅಂಕಿ ಇಲ್ಲದೆ ಮುಂದಿನ ಕೆಲಸವೆಲ್ಲ ಊಹೆಯೇ. ಈ ವಾಹನವನ್ನು ಹೊರುವವರು ಇಬ್ಬರು: ಕೆಳಗೆ ಫ್ಯಾನ್ ಊದಿ ತುಂಬಿಸುವ ಗಾಳಿಮೆತ್ತೆ, ಮೇಲೆ ರೆಕ್ಕೆ. ನಿಂತಾಗ ಪೂರ್ತಿ ತೂಕ ಮೆತ್ತೆಯದು, ಮೇಲೆದ್ದಾಗ ಪೂರ್ತಿ ತೂಕ ರೆಕ್ಕೆಯದು. ನಡುವೆ ಒಬ್ಬರ ಹೆಗಲಿನಿಂದ ಇನ್ನೊಬ್ಬರ ಹೆಗಲಿಗೆ ಹೊರೆ ದಾಟುತ್ತದೆ. ನಾನು ಕಂಡ ದೋಷಗಳಲ್ಲಿ ಬಹುಪಾಲು ಈ ದಾಟುವಿಕೆಯಲ್ಲೇ ಹುಟ್ಟಿದವು. ಯಾವ ವೇಗದಲ್ಲಿ ಯಾರು ಎಷ್ಟು ಹೊರುತ್ತಿದ್ದಾರೆ ಎಂದು ಗೊತ್ತಾದರೆ ಎಲ್ಲಿ ಕೈ ಹಾಕಬೇಕೆಂಬುದೂ ಗೊತ್ತಾಗುತ್ತದೆ.

ಹೊರೆಯ ಲೆಕ್ಕ

ಒಂದು ಉದಾಹರಣೆಯನ್ನು ಹಿಡಿದುಕೊಂಡು ಕೊನೆಯವರೆಗೂ ಅದನ್ನೇ ಬಳಸೋಣ. ಚಾಲಕನೂ ಇಂಧನವೂ ಸೇರಿ 500 ಕಿಲೋ, ಅಂದರೆ ಸುಮಾರು 4,900 ನ್ಯೂಟನ್ ತೂಕ. ಮೆತ್ತೆಯ ಉದ್ದ 4.5 ಮೀಟರ್, ವಿಸ್ತೀರ್ಣ 9 ಚದರ ಮೀಟರ್. ರೆಕ್ಕೆಯ ಹರಹು 8 ಮೀಟರ್, ವಿಸ್ತೀರ್ಣ 14 ಚದರ ಮೀಟರ್. ಒಡಲು ಮಟ್ಟವಾಗಿರುವಾಗ ರೆಕ್ಕೆಯ ಎತ್ತುಗುಣಾಂಕ, ಅಂದರೆ ರೆಕ್ಕೆ ಎಷ್ಟು ಚೆನ್ನಾಗಿ ಎತ್ತುತ್ತದೆ ಎಂಬ ಅಂಕಿ, 0.9.

ಎತ್ತುಬಲ ಎಂದರೆ ಗಾಳಿಯ ಸಾಂದ್ರತೆಯ ಅರ್ಧ, ಸೆಕೆಂಡಿಗೆ ಇಷ್ಟು ಮೀಟರ್ ಎಂಬ ವೇಗದ ವರ್ಗ, ರೆಕ್ಕೆಯ ವಿಸ್ತೀರ್ಣ ಮತ್ತು ಗುಣಾಂಕ ಇಷ್ಟರ ಗುಣಲಬ್ಧ. ಸಾಂದ್ರತೆ ಘನ ಮೀಟರಿಗೆ 1.225 ಕಿಲೋ ಎಂದು ಹಿಡಿದರೆ ಗಂಟೆಗೆ 36 ಕಿಲೋಮೀಟರ್ ವೇಗದಲ್ಲಿ ರೆಕ್ಕೆ ಹೊರುವುದು ತೂಕದ ಶೇ. 16 ಮಾತ್ರ. 54ರಲ್ಲಿ ಶೇ. 35, 72ರಲ್ಲಿ ಶೇ. 63, 90ರಲ್ಲಿ ಹೆಚ್ಚುಕಡಿಮೆ ಪೂರ್ತಿ. 54ರಿಂದ 90ಕ್ಕೆ ಹೋಗುವ ಕೆಲವೇ ಸೆಕೆಂಡುಗಳಲ್ಲಿ ಮೂರನೇ ಎರಡು ಭಾಗ ಹೊರೆ ಕೈ ಬದಲಾಯಿಸುತ್ತದೆ. ನಿಮ್ಮ ವಾಹನದ ಅಂಕಿಗಳನ್ನು ಹಾಕಿ ಇದೇ ಲೆಕ್ಕವನ್ನು ಒಂದು ಹಾಳೆಯಲ್ಲಿ ಬರೆದು ಡ್ಯಾಶ್‌ಬೋರ್ಡಿಗೆ ಅಂಟಿಸಿಕೊಳ್ಳಿ.

ವೇಗ ಎಂದಾಗ ನಾನು ಹೇಳುವುದು ಗಾಳಿಗೆ ಸಾಪೇಕ್ಷವಾದ ವೇಗ. ಜಿಪಿಎಸ್ ತೋರಿಸುವುದು ನೆಲಕ್ಕೆ ಸಾಪೇಕ್ಷವಾದದ್ದು. ಗಂಟೆಗೆ 18 ಕಿಲೋಮೀಟರಿನ ಎದುರುಗಾಳಿ ಇದ್ದರೆ ಜಿಪಿಎಸ್ 72 ಎನ್ನುವಾಗ ರೆಕ್ಕೆಗೆ ತಾಗುವುದು 90. ಇನ್ನೂ ಏಳುವ ಹೊತ್ತಾಗಿಲ್ಲ ಎಂದು ಚಾಲಕ ಭಾವಿಸಿರುವಾಗಲೇ ವಾಹನ ಎದ್ದಿರುತ್ತದೆ. ಆದ್ದರಿಂದ ಗಾಳಿಗೆ ಸಾಪೇಕ್ಷವಾದ ವೇಗ ಅಳೆಯುವ ಪಿಟೋಟ್ ಕೊಳವೆಯನ್ನು ಪ್ರೊಪೆಲ್ಲರಿನ ಸೆಳೆತಕ್ಕೂ ಕ್ಯಾಬಿನ್ನಿನ ಮೇಲೆ ಬಾಗಿ ಹರಿಯುವ ಗಾಳಿಗೂ ಸಿಗದ ಕಡೆ, ಮೂತಿಯ ಮುಂದೆಯೋ ರೆಕ್ಕೆಯ ಹೊರಭಾಗದಲ್ಲೋ ಕೂರಿಸಬೇಕು. ಸೆಕೆಯ ದಿನಗಳಲ್ಲಿ ಗಾಳಿ ತೆಳುವಾಗುತ್ತದೆ. 35 ಡಿಗ್ರಿಯಲ್ಲಿ ಸಾಂದ್ರತೆ 15 ಡಿಗ್ರಿಯಲ್ಲಿದ್ದುದಕ್ಕಿಂತ ಶೇ. 6ಕ್ಕೂ ಹೆಚ್ಚು ಇಳಿದು, ಏಳುವ ವೇಗ ಸುಮಾರು 3 ಕಿಲೋಮೀಟರ್ ಏರುತ್ತದೆ. ಎಂಜಿನ್ನಿನ ಶಕ್ತಿಯೂ ಇಳಿದಿರುತ್ತದೆ.

ನಿಂತಲ್ಲೇ ಮಾಡುವ ಪರೀಕ್ಷೆಗಳು

ಓಡಿಸಿ ನೋಡುವ ಆತುರ ಎಲ್ಲರಿಗೂ ಇರುತ್ತದೆ. ಆದರೆ ನಿಂತ ವಾಹನ ಹೇಳುವುದನ್ನು ಮೊದಲು ಕೇಳಿಸಿಕೊಳ್ಳಬೇಕು.

ಮೊದಲನೆಯದು ತೂಕ. ಒಡಲಿನ ಕೆಳಗೆ ಮೂರು ಕಡೆ ತೂಕದ ಯಂತ್ರಗಳನ್ನಿಟ್ಟು, ರಸಮಟ್ಟ ಹಿಡಿದು ಒಡಲನ್ನು ಮಟ್ಟ ಮಾಡಿ, ಚಾಲಕನನ್ನು ಆಸನದಲ್ಲಿ ಕೂರಿಸಿ, ಹಾರುವಾಗ ಇರುವಷ್ಟೇ ಇಂಧನ ತುಂಬಿಸಿ ತೂಗಿ. ಪ್ರತಿಯೊಂದು ತೂಕವನ್ನೂ ಮೂತಿಯಿಂದ ಅದರ ದೂರದಿಂದ ಗುಣಿಸಿ, ಕೂಡಿಸಿ, ಒಟ್ಟು ತೂಕದಿಂದ ಭಾಗಿಸಿದರೆ ಗುರುತ್ವ ಕೇಂದ್ರ ಸಿಗುತ್ತದೆ. ಆ ಜಾಗದಲ್ಲಿ ಒಡಲಿನ ಎರಡೂ ಬದಿಗೆ ಬಣ್ಣದ ಗೆರೆ ಎಳೆದುಬಿಡಿ. ನಕ್ಷೆಯಲ್ಲಿ ಬರೆದ ಕೇಂದ್ರವನ್ನು ನಂಬಬೇಡಿ. ನಕ್ಷೆ ಬರೆದ ಮೇಲೆ ಸೇರಿದ ರಾಳ, ಬಣ್ಣ, ತಂತಿ, ಹೆಚ್ಚುವರಿ ಆಧಾರಪಟ್ಟಿ ಯಾವುದೂ ಅದರಲ್ಲಿ ಇಲ್ಲ.

ಎರಡನೆಯದು ಮೆತ್ತೆಯ ಒತ್ತಡ. ಒಂದು ಪಾರದರ್ಶಕ ಕೊಳವೆಯನ್ನು ಇಂಗ್ಲಿಷಿನ ಯು ಅಕ್ಷರದಂತೆ ಬಗ್ಗಿಸಿ ನೀರು ಹಾಕಿ, ಒಂದು ತುದಿಯನ್ನು ಸ್ಕರ್ಟಿನ, ಅಂದರೆ ಮೆತ್ತೆಯ ಗಾಳಿಯನ್ನು ಸುತ್ತಲೂ ಹಿಡಿದಿಡುವ ಮೆತು ಅಂಚಿನ, ಒಳಗೆ ಬಿಡಿ, ಇನ್ನೊಂದನ್ನು ಹೊರಗೆ ತೆರೆದಿಡಿ. ನಮ್ಮ ಉದಾಹರಣೆಯಲ್ಲಿ ತೂಕವನ್ನು ವಿಸ್ತೀರ್ಣದಿಂದ ಭಾಗಿಸಿದರೆ 545 ಪಾಸ್ಕಲ್ ಬರುತ್ತದೆ; ಕೊಳವೆಯ ಎರಡು ತೋಳುಗಳ ನೀರಿನ ಅಂತರ ಸುಮಾರು 56 ಮಿಲಿಮೀಟರ್ ಇರಬೇಕು. ನೀರಿನ ಮೇಲೆ ವಾಹನ ನಿಂತು ತೇಲುವಾಗ ಅದರ ಕೆಳಗೆ ಬೀಳುವ ಗುಳಿಯ ಆಳವೂ ಅಷ್ಟೇ. ಒಡಲು ಎದ್ದು ನಿಂತಿದ್ದೂ ಕೊಳವೆ 45 ತೋರಿಸಿದರೆ ಸ್ಕರ್ಟ್ ಎಲ್ಲೋ ನೆಲಕ್ಕೆ ತೂಕ ಕೊಟ್ಟು ಕುಳಿತಿದೆ ಎಂದರ್ಥ. ಮುಂದೆ, ಹಿಂದೆ, ಎಡಕ್ಕೆ, ಬಲಕ್ಕೆ ಅಳೆಯಿರಿ. ಸ್ಕರ್ಟಿನ ಅಂಚಿನ ಸುತ್ತ ಹಗುರವಾದ ಕಾಗದದ ಚೂರು ಹಿಡಿದು ನಡೆದರೆ ಗಾಳಿ ಯಾವ ಕಡೆ ಹೆಚ್ಚು ಸೋರುತ್ತಿದೆ ಎಂಬುದೂ ಕಾಣುತ್ತದೆ.

ಮೂರನೆಯದು ರೆಕ್ಕೆಯ ಕೋನ. ಡಿಜಿಟಲ್ ರಸಮಟ್ಟ ಹಿಡಿದು ಎಡ ಬಲ ಎರಡೂ ಕಡೆ ಬುಡದಲ್ಲಿ, ನಡುವೆ, ತುದಿಯಲ್ಲಿ ಅಳೆದು ಬರೆದುಕೊಳ್ಳಿ. ಬಾಲದಲ್ಲಿ ಮೂತಿಯನ್ನು ಎತ್ತಿ ಇಳಿಸುವ ಪಟ್ಟಿಯಾದ ಎಲಿವೇಟರಿನ ಹಿಂಬದಿ ಅಂಚನ್ನು ಎರಡು ಬೆರಳಲ್ಲಿ ಹಿಡಿದು ಅಲ್ಲಾಡಿಸಿ. ಅದನ್ನು ಆಡಿಸುವ ಕಡ್ಡಿ ಸರಿಯದೆ ಅಂಚು ಮಾತ್ರ ಆಡಿದರೆ ಕೀಲು ಸವೆದಿದೆ. ಹಾರುವಾಗ ಮೂತಿ ಕುಣಿಯುವುದಕ್ಕೆ ಇಷ್ಟೇ ಸಾಕು.

ನೀರಿನ ಮೇಲೆ ವೇಗವೇ ಏರುತ್ತಿಲ್ಲ

ನೆಲದ ಮೇಲೆ ಚೆನ್ನಾಗಿ ಓಡುವ ವಾಹನ ನೀರಿಗಿಳಿದ ಮೇಲೆ 13-14 ಕಿಲೋಮೀಟರಿಗೆ ಸಿಕ್ಕಿಬಿದ್ದರೆ ರೆಕ್ಕೆಯನ್ನು ಮುಟ್ಟಲೇಬೇಡಿ. ಆ ವೇಗದಲ್ಲಿ ರೆಕ್ಕೆ ಹೊರುವುದು ತೂಕದ ಶೇ. 2. ಇದು ಹಂಪ್: ಮೆತ್ತೆ ನೀರಿನಲ್ಲಿ ಮಾಡಿದ ಗುಳಿಯೇ ಅಲೆಯಾಗಿ ಎದ್ದು, ವಾಹನ ತಾನೇ ಎಬ್ಬಿಸಿದ ದಿಬ್ಬವನ್ನು ಹತ್ತುವಂತಾಗುತ್ತದೆ. ಮೆತ್ತೆಯ ಉದ್ದವನ್ನು 9.81ರಿಂದ ಗುಣಿಸಿ, ವರ್ಗಮೂಲ ತೆಗೆದು, 0.56ರಿಂದ ಗುಣಿಸಿದರೆ ಅದರ ವೇಗ ಸೆಕೆಂಡಿಗೆ ಇಷ್ಟು ಮೀಟರ್ ಎಂದು ಸಿಗುತ್ತದೆ. ಕಾರಣಗಳು ಮೂರೇ: ತೂಕ ಹೆಚ್ಚು, ನೂಕುಬಲ ಕಡಿಮೆ, ಇಲ್ಲವೇ ಹಿಂಬದಿ ಭಾರವಾಗಿ ಸ್ಕರ್ಟ್ ನೀರನ್ನು ಎಳೆಯುತ್ತಿದೆ. ವಾಹನವನ್ನು ಹಗ್ಗದಿಂದ ಕಟ್ಟಿ, ನಡುವೆ ಸ್ಪ್ರಿಂಗ್ ತಕ್ಕಡಿ ಹಾಕಿ ಪೂರ್ಣ ಥ್ರಾಟಲ್ ಕೊಟ್ಟು ನೂಕುಬಲವನ್ನು ಅಳೆಯಿರಿ. ಹಿಂದೆ ಅಳೆದದ್ದಕ್ಕಿಂತ ಕಡಿಮೆಯಾಗಿದ್ದರೆ ಪ್ರೊಪೆಲ್ಲರಿನ ಅಂಚು ಮತ್ತು ಬೆಲ್ಟಿನ ಬಿಗಿ ನೋಡಿ.

ಮೂತಿ ಮುಗ್ಗರಿಸುವುದು

ವೇಗ ಏರುತ್ತಿದ್ದಂತೆ ಮೂತಿ ತಗ್ಗಿ, ಮುಂದಿನ ಸ್ಕರ್ಟ್ ನೀರಿಗೆ ತಾಗಿ, ಒಳಕ್ಕೆ ಮಡಚಿಕೊಂಡು ವಾಹನ ತಟ್ಟನೆ ನಿಲ್ಲುವುದು ರೆಕ್ಕೆ ಇಲ್ಲದ ಹೋವರ್‌ಕ್ರಾಫ್ಟಿಗೂ ಇರುವ ಹಳೆಯ ಕಾಯಿಲೆ. ರೆಕ್ಕೆ ಬಂದ ಮೇಲೆ ಇದಕ್ಕೆ ಇನ್ನೊಂದು ಕಾರಣ ಸೇರಿದೆ. ರೆಕ್ಕೆಯ ಎತ್ತುಬಲದ ಕೇಂದ್ರ ಗುರುತ್ವ ಕೇಂದ್ರಕ್ಕಿಂತ ತೀರ ಹಿಂದಿದ್ದರೆ ವೇಗ ಹೆಚ್ಚಿದಷ್ಟೂ ಬಾಲ ಏಳುತ್ತದೆ, ಮೂತಿ ಒತ್ತುತ್ತದೆ. ಎರಡನ್ನೂ ಬೇರೆ ಮಾಡಿ ನೋಡುವುದು ಸುಲಭ. 30ರಲ್ಲೇ ಮುಗ್ಗರಿಸಿದರೆ ಮುಂದಿನ ಸ್ಕರ್ಟಿನ ಹರಕು, ಮೆತ್ತೆಯ ಕಡಿಮೆ ಒತ್ತಡ, ಮುಂದೆ ಸರಿದ ತೂಕ ಇವುಗಳಲ್ಲಿ ಒಂದು. 30ರಲ್ಲಿ ಸರಿಯಿದ್ದು 60ರ ಮೇಲೆ ನಿಧಾನವಾಗಿ ಬಾಗುತ್ತ ಹೋದರೆ ರೆಕ್ಕೆ ಮತ್ತು ಬಾಲದ ಕೋನ.

ಮುಗ್ಗರಿಸುವ ಕ್ಷಣದಲ್ಲಿ ಮೆತ್ತೆಗೆ ಗಾಳಿ ಕೊಡುವ ಫ್ಯಾನನ್ನು ಯಾವ ಕಾರಣಕ್ಕೂ ನಿಲ್ಲಿಸಬೇಡಿ. ನೂಕುಬಲ ಇಳಿಸಿ, ಮೆತ್ತೆಯನ್ನು ತುಂಬಿಯೇ ಇಡಿ. ಎರಡಕ್ಕೂ ಒಂದೇ ಎಂಜಿನ್ ಇರುವ ವಾಹನದಲ್ಲಿ ಈ ಆಯ್ಕೆಯೇ ಇಲ್ಲ. ಥ್ರಾಟಲ್ ಬಿಟ್ಟರೆ ಎರಡೂ ಹೋಗುತ್ತವೆ. ರೆಕ್ಕೆ ಕಟ್ಟುವ ಯೋಚನೆ ಇದ್ದರೆ ಎರಡು ಎಂಜಿನ್ ಇಡುವುದೇ ಸರಿ ಎಂಬ ನನ್ನ ಅಭಿಪ್ರಾಯಕ್ಕೆ ಇದೊಂದೇ ಕಾರಣ ಸಾಕು.

ನಡುವಿನ ವೇಗದ ಕುಣಿತ ಮತ್ತು ಜಾರಾಟ

72ರಲ್ಲಿ ರೆಕ್ಕೆ ಶೇ. 63 ಹೊತ್ತಾಗ ಮೆತ್ತೆಗೆ ಉಳಿಯುವುದು ಶೇ. 37, ಕೊಳವೆಯಲ್ಲಿ ನೀರಿನ ಅಂತರ 56ರಿಂದ 21 ಮಿಲಿಮೀಟರಿಗೆ ಇಳಿಯುತ್ತದೆ. ಫ್ಯಾನ್ ಮಾತ್ರ ಮೊದಲಿನಷ್ಟೇ ಗಾಳಿ ಊದುತ್ತಿದೆ. ಆ ಗಾಳಿ ಹೊರಹೋಗಲು ಸ್ಕರ್ಟಿನ ಕೆಳಗಿನ ಸಂದು 1.6 ಪಟ್ಟು ಹಿಗ್ಗಬೇಕು. ಒಂದೂವರೆ ಸೆಂಟಿಮೀಟರ್ ಇದ್ದದ್ದು ಎರಡೂವರೆ ಆಗುತ್ತದೆ. ಮೆತ್ತೆಯು ಮೂತಿಯನ್ನೂ ಬದಿಗಳನ್ನೂ ಹಿಡಿದು ನಿಲ್ಲಿಸುತ್ತಿದ್ದ ಬಿಗಿ ಆಗ ಸಡಿಲವಾಗುತ್ತದೆ. ಮುಂದಿನ ಅಂಚು ಎದ್ದರೆ ಗಾಳಿ ಅಲ್ಲಿಂದ ನುಗ್ಗಿ ಹೋಗುತ್ತದೆ, ಮೂತಿ ಬೀಳುತ್ತದೆ. ಸಂದು ಮುಚ್ಚಿ ಒತ್ತಡ ಏರುತ್ತದೆ, ಮೂತಿ ಮತ್ತೆ ಏಳುತ್ತದೆ. ಕುದುರೆಯ ನಾಗಾಲೋಟದಂತೆ ಈ ಏರಿಳಿತ ಬೆಳೆಯುತ್ತ ಹೋಗುತ್ತದೆ.

ಇದನ್ನು ಖಚಿತಪಡಿಸಿಕೊಳ್ಳಲು ಅದೇ ವೇಗದಲ್ಲಿ ಫ್ಯಾನಿನ ವೇಗವನ್ನು ಹತ್ತನೇ ಒಂದು ಭಾಗ ಇಳಿಸಿ ನೋಡಿ. ಕುಣಿತದ ಲಯ ಬದಲಾದರೆ ದೋಷ ಮೆತ್ತೆಯಲ್ಲಿದೆ; ರೆಕ್ಕೆ ಹೊರೆ ತೆಗೆದುಕೊಂಡಂತೆಲ್ಲ ಫ್ಯಾನನ್ನು ಸ್ವಲ್ಪ ಸ್ವಲ್ಪವೇ ಇಳಿಸುವುದನ್ನು ರೂಢಿ ಮಾಡಿಕೊಳ್ಳಿ. ಏನೂ ಬದಲಾಗದಿದ್ದರೆ ಸವೆದ ಎಲಿವೇಟರ್ ಕೀಲು, ಇಲ್ಲವೇ ಗುರುತ್ವ ಕೇಂದ್ರ.

ಜಾರಾಟದ ಕಥೆ ಬೇರೆ. ಹೋವರ್‌ಕ್ರಾಫ್ಟಿಗೆ ನೀರಿನಲ್ಲಿ ಊರಿಕೊಂಡ ಕೀಲ್ ಇಲ್ಲ, ಚಕ್ರವಿಲ್ಲ. ಮೂತಿ ತೋರಿಸುವ ದಿಕ್ಕೂ ವಾಹನ ಸಾಗುವ ದಿಕ್ಕೂ ಒಂದೇ ಆಗಿರಬೇಕಿಲ್ಲ. ಸ್ಕರ್ಟ್ ನೀರಿಗೆ ಉಜ್ಜುತ್ತಿದ್ದಾಗ ಇದ್ದ ಅಲ್ಪಸ್ವಲ್ಪ ಹಿಡಿತವೂ ಈ ವೇಗದಲ್ಲಿ ಇರುವುದಿಲ್ಲ. ರೆಕ್ಕೆಯಿಲ್ಲದ ವಾಹನದಲ್ಲಿ ಜಾರಿದರೆ ಜಾರಿತು. ರೆಕ್ಕೆಯಿದ್ದಾಗ ಗಾಳಿಗೆ ಎದುರಾದ ಕಡೆಯ ರೆಕ್ಕೆ ಏಳುತ್ತದೆ, ಇನ್ನೊಂದು ತುದಿ ನೀರನ್ನು ಹುಡುಕುತ್ತದೆ. ತುದಿ ನೀರಿಗೆ ಸಿಕ್ಕಿದರೆ ವಾಹನ ಅದರ ಸುತ್ತ ಗಿರಕಿ ಹೊಡೆಯುತ್ತದೆ. ಗಾಳಿಯಿಲ್ಲದ ದಿನ, 40ರಲ್ಲಿ, ರಡ್ಡರ್ ಕೊಟ್ಟು ಮೂತಿಯನ್ನು ಹತ್ತು ಡಿಗ್ರಿ ತಿರುಗಿಸಿ ಕಾಲು ಸಡಿಲಿಸಿ. ಮೂತಿ ತಾನಾಗಿ ಮರಳಬೇಕು. ಮರಳದಿದ್ದರೆ ನಿಂತ ಬಾಲಪಟ್ಟಿಯ ವಿಸ್ತೀರ್ಣ ಸಾಲದು. ಇದೇ ಪರೀಕ್ಷೆಯನ್ನು ಥ್ರಾಟಲ್ ಇಳಿಸಿಯೂ ಮಾಡಬೇಕು, ಏಕೆಂದರೆ ರಡ್ಡರ್ ಪ್ರೊಪೆಲ್ಲರಿನ ಗಾಳಿಯನ್ನು ಮಾತ್ರ ನೆಚ್ಚಿಕೊಂಡಿದ್ದರೆ ಥ್ರಾಟಲ್ ಜೊತೆಗೆ ಅದೂ ಹೋಗುತ್ತದೆ.

ಎದ್ದ ಕೂಡಲೇ ಮೂತಿ ಆಕಾಶಕ್ಕೆ

ಜೀವಕ್ಕೆ ಕುತ್ತು ತರುವ ದೋಷ ಇದು. ಉಳಿದವುಗಳಿಗಿಂತ ಇದಕ್ಕೆ ಹೆಚ್ಚು ಹೊತ್ತು ಕೊಡಿ ಎಂದು ಬೇಡಿಕೊಳ್ಳುತ್ತೇನೆ.

ನೆಲ ಅಥವಾ ನೀರಿಗೆ ತೀರ ಹತ್ತಿರವಿರುವಾಗ ರೆಕ್ಕೆಯ ಎತ್ತುಬಲದ ಕೇಂದ್ರ, ಎಂದಿನಂತೆ, ಮುಂದಿನ ಅಂಚಿನಿಂದ ಹಿಂದಿನ ಅಂಚಿನವರೆಗಿನ ಅಗಲದ ಮೊದಲ ಕಾಲು ಭಾಗದಲ್ಲಿ ಇರುವುದಿಲ್ಲ. ರೆಕ್ಕೆಯ ಕೆಳಗೆ ಸಿಕ್ಕಿಕೊಂಡ ಗಾಳಿಯ ಒತ್ತಡದಿಂದ ನಡುಭಾಗದ ಕಡೆಗೆ ಹಿಂದೆ ಸರಿದಿರುತ್ತದೆ. ಎತ್ತರ ಸಿಕ್ಕ ಹಾಗೆ ಅದು ಮುಂದಕ್ಕೆ ಬರುತ್ತದೆ, ಮೂತಿಯನ್ನು ಎತ್ತುತ್ತದೆ. ಅದೇ ಹೊತ್ತಿಗೆ ರೆಕ್ಕೆಯ ಹಿಂದೆ ಕೆಳಮುಖವಾಗಿ ಹರಿಯುವ ಗಾಳಿ ಹೆಚ್ಚಿ ಬಾಲವನ್ನು ಒತ್ತುತ್ತದೆ. ಇದೂ ಮೂತಿಯನ್ನು ಎತ್ತುತ್ತದೆ. ಮೂತಿ ಎದ್ದರೆ ಕೋನ ಹೆಚ್ಚುತ್ತದೆ, ಎತ್ತರ ಇನ್ನೂ ಹೆಚ್ಚುತ್ತದೆ. ಮೆತ್ತೆ ಕೆಳಗಿದ್ದಾಗ ಇದನ್ನೆಲ್ಲ ಅದು ನುಂಗಿಕೊಳ್ಳುತ್ತಿತ್ತು. ಈಗ ಅದು ಇಲ್ಲ.

ನೆಲದ ಹತ್ತಿರ ಹಾರುವ ವಾಹನಗಳನ್ನು ಕಟ್ಟಿದವರು ಇದನ್ನು ಎರಡು ಕೇಂದ್ರಗಳ ಲೆಕ್ಕವಾಗಿ ನೋಡುತ್ತಾರೆ. ಎತ್ತರ ಬದಲಾದಾಗ ಎತ್ತುಬಲದಲ್ಲಾಗುವ ವ್ಯತ್ಯಾಸ ಒಂದು ಬಿಂದುವಿನಲ್ಲಿ, ಕೋನ ಬದಲಾದಾಗ ಆಗುವ ವ್ಯತ್ಯಾಸ ಇನ್ನೊಂದು ಬಿಂದುವಿನಲ್ಲಿ. ಎತ್ತರದ ಕೇಂದ್ರ ಕೋನದ ಕೇಂದ್ರಕ್ಕಿಂತ ಮುಂದಿರಬೇಕು. ಸಾಮಾನ್ಯ ರೆಕ್ಕೆಗೆ ಇದು ತಾನಾಗಿ ಒದಗುವುದಿಲ್ಲ. ದೊಡ್ಡ ಬಾಲವನ್ನು, ಅದೂ ನೆಲದ ಪ್ರಭಾವ (ನೆಲ ಹತ್ತಿರವಿದ್ದಾಗ ರೆಕ್ಕೆಯ ಸುತ್ತಲಿನ ಹರಿವಿನಲ್ಲಾಗುವ ಬದಲಾವಣೆ) ತಾಗದಷ್ಟು ಎತ್ತರದಲ್ಲಿ, ಕೂರಿಸಿ ಕೋನದ ಕೇಂದ್ರವನ್ನು ಹಿಂದೆ ತಳ್ಳಬೇಕು. ಸೋವಿಯತ್ ಎಂಜಿನಿಯರ್ ರೋಸ್ತಿಸ್ಲಾವ್ ಅಲೆಕ್ಸೆಯೆವ್ ಅವರ ತಂಡ ಕಟ್ಟಿ 1966ರಲ್ಲಿ ಹಾರಿಸಿದ, 92 ಮೀಟರ್ ಉದ್ದದ, ನೀರಿಗೆ ತೀರ ಹತ್ತಿರ ಹಾರುವ ಕೆಎಂ ಎಕ್ರನೊಪ್ಲಾನಿನ ಚಿತ್ರ ನೋಡಿದರೆ ಮೊದಲು ಕಣ್ಣಿಗೆ ಬೀಳುವುದೇ ಆ ಎತ್ತರದ ದೈತ್ಯ ಬಾಲ. ಜರ್ಮನ್ ವಿನ್ಯಾಸಕ ಅಲೆಕ್ಸಾಂಡರ್ ಲಿಪ್ಪಿಷ್ ಬೇರೆ ದಾರಿ ಹಿಡಿದರು: ತಲೆಕೆಳಗಾದ ತ್ರಿಕೋನದಂಥ ರೆಕ್ಕೆ, ಮುಂದಿನ ಅಂಚು ನೇರ, ತುದಿಗಳು ಕೆಳಕ್ಕೆ ಬಾಗಿದವು. ಅದರಿಂದ ಚಿಕ್ಕ ಬಾಲದಲ್ಲೇ ಸ್ಥಿರತೆ ಬಂತು. ನಿಮ್ಮ ವಾಹನದ ಬಾಲ ರೆಕ್ಕೆಯ ಮಟ್ಟದಲ್ಲೇ, ಕುಳ್ಳಗೆ ಇದ್ದರೆ ದೋಷ ಹುಡುಕಲು ದೂರ ಹೋಗಬೇಕಿಲ್ಲ.

ಬಾಲ ಸರಿಯಿದ್ದೂ ಮೂತಿ ಏಳುತ್ತಿದ್ದರೆ ತೂಕಕ್ಕೆ ಮರಳಿ. ಒಮ್ಮೆ ನನ್ನನ್ನು ಕರೆಸಿದವರು ಅಷ್ಟರಲ್ಲಾಗಲೇ ರೆಕ್ಕೆಯ ಕೋನವನ್ನು ಮೂರು ಸಲ ಬದಲಿಸಿದ್ದರು. ನಾನು ಕೆಳಗೆ ಕುಳಿತು ಸ್ಕರ್ಟ್ ನೋಡಿದೆ. ಹಿಂದಿನ ಅಂಚು ಮಾತ್ರ ಸವೆದು ಕನ್ನಡಿಯಂತೆ ನುಣುಪಾಗಿತ್ತು, ಹೊಲಿಗೆಯ ದಾರ ಕಿತ್ತು ನಾರುನಾರಾಗಿತ್ತು. ಮುಂದಿನ ಅಂಚಿನಲ್ಲಿ ಅಂಗಡಿಯಿಂದ ತಂದಾಗಿನ ಹೊಳಪೇ ಉಳಿದಿತ್ತು. ವಾಹನ ತಿಂಗಳುಗಟ್ಟಲೆ ಹಿಂಬದಿ ಊರಿಕೊಂಡು ಓಡಿತ್ತು. ಕಾಲಿಗೆ ತಾಗುತ್ತದೆ ಎಂದು 15 ಕಿಲೋ ಬ್ಯಾಟರಿಯನ್ನೂ 22 ಕಿಲೋ ತುಂಬಿದ ಇಂಧನ ಟ್ಯಾಂಕನ್ನೂ 1.8 ಮೀಟರ್ ಹಿಂದಕ್ಕೆ ಸರಿಸಿದ್ದರು. ಒಟ್ಟು ತೂಕ ನಮ್ಮ ಉದಾಹರಣೆಯಷ್ಟೇ. 37ನ್ನು 1.8ರಿಂದ ಗುಣಿಸಿ 500ರಿಂದ ಭಾಗಿಸಿ: ಗುರುತ್ವ ಕೇಂದ್ರ 13 ಸೆಂಟಿಮೀಟರ್ ಹಿಂದೆ ಹೋಗಿತ್ತು. ಮೆತ್ತೆಯ ಮೇಲೆ 13 ಸೆಂಟಿಮೀಟರ್ ಯಾರಿಗೂ ಗೊತ್ತಾಗಲಿಲ್ಲ. ಗಾಳಿಯಲ್ಲಿ ಅದೇ ಸ್ಥಿರತೆಗೂ ಅಸ್ಥಿರತೆಗೂ ನಡುವಿನ ಅಂತರವಾಗಿತ್ತು. ಎರಡನ್ನೂ ಮೊದಲಿನ ಜಾಗಕ್ಕೆ ತಂದ ಮೇಲೆ ರೆಕ್ಕೆಯ ಮೊದಲ ಕೋನವೇ ಸರಿಹೋಯಿತು.

ಇದಕ್ಕೆ ನೂಕುಬಲದ ಎತ್ತರವನ್ನೂ ಸೇರಿಸಿಕೊಳ್ಳಿ. ಪ್ರೊಪೆಲ್ಲರ್ ಗುರುತ್ವ ಕೇಂದ್ರಕ್ಕಿಂತ ಒಂದು ಮೀಟರ್ ಮೇಲಿದ್ದು 1,200 ನ್ಯೂಟನ್ ನೂಕುತ್ತಿದೆ ಎನ್ನಿ. ಅದು ಸದಾ ಮೂತಿಯನ್ನು ತಗ್ಗಿಸುತ್ತಿರುತ್ತದೆ, ಚಾಲಕ ಎಲಿವೇಟರಿನಿಂದ ಎತ್ತಿ ಹಿಡಿದಿರುತ್ತಾನೆ. ಗಾಬರಿಯಲ್ಲಿ ಥ್ರಾಟಲ್ ಬಿಟ್ಟರೆ ಆ ತಗ್ಗಿಸುವ ಬಲ ಮಾಯವಾಗುತ್ತದೆ. ಪರಿಣಾಮ ಗುರುತ್ವ ಕೇಂದ್ರವನ್ನು 24 ಸೆಂಟಿಮೀಟರ್ ಹಿಂದೆ ಎಳೆದಷ್ಟು. ಬಾಲ ಪ್ರೊಪೆಲ್ಲರಿನ ಗಾಳಿಯಲ್ಲಿದ್ದರೆ ಎಲಿವೇಟರಿನ ಬಲವೂ ಅದೇ ಕ್ಷಣ ಕುಗ್ಗಿ ಸ್ವಲ್ಪ ಮಟ್ಟಿಗೆ ಸರಿದೂಗಿಸುತ್ತದೆ. ನಿಮ್ಮ ವಾಹನದಲ್ಲಿ ಇವೆರಡರಲ್ಲಿ ಯಾವುದು ಗೆಲ್ಲುತ್ತದೆ ಎಂಬುದು ಹಾರುವ ಮೊದಲೇ ತಿಳಿದಿರಬೇಕು. ಶಾಂತ ನೀರಿನಲ್ಲಿ, 50ರಲ್ಲಿ, ಮೆತ್ತೆಯ ಮೇಲೇ ಇದ್ದುಕೊಂಡು ನೂಕುಬಲವನ್ನು ಮಾತ್ರ ಇಳಿಸಿ, ಮೊದಲ ಒಂದು ಸೆಕೆಂಡಿನಲ್ಲಿ ಮೂತಿ ಎತ್ತ ಹೋಗುತ್ತದೆ ಎಂದು ದಡದಲ್ಲಿ ನಿಂತವರಿಂದ ವಿಡಿಯೊ ಮಾಡಿಸಿ. ಮೂತಿ ಜೋರಾಗಿ ಎದ್ದರೆ ಪ್ರೊಪೆಲ್ಲರನ್ನು ತಗ್ಗಿಸುವುದು, ಅದರ ಅಕ್ಷವನ್ನು ಓರೆ ಮಾಡಿ ಬಲದ ರೇಖೆಯನ್ನು ಗುರುತ್ವ ಕೇಂದ್ರದ ಹತ್ತಿರ ತರುವುದು, ಇಲ್ಲವೇ ಬಾಲವನ್ನು ಅದರ ಗಾಳಿಯೊಳಗೆ ಇನ್ನಷ್ಟು ತರುವುದು ಪರಿಹಾರ. ಅದು ಆಗುವವರೆಗೆ ವಾಹನ ನೀರು ಬಿಟ್ಟು ಏಳಕೂಡದು.

ಏಳುತ್ತದೆ, ಮತ್ತೆ ಕೂರುತ್ತದೆ

ಒಂದು ಮೀಟರ್ ಎದ್ದು, ಪೂರ್ಣ ಥ್ರಾಟಲಿನಲ್ಲೂ ಮೇಲೇರದೆ ಇಳಿದುಬಿಡುವುದು ಕೆಲವೊಮ್ಮೆ ದೋಷವೇ ಅಲ್ಲ. ರೆಕ್ಕೆ ನೀರಿನಿಂದ ಹರಹಿನ ಹತ್ತನೇ ಒಂದು ಭಾಗದಷ್ಟು ಎತ್ತರದಲ್ಲಿದ್ದಾಗ, ಇಲ್ಲಿ 80 ಸೆಂಟಿಮೀಟರ್, ಎತ್ತುಬಲ ಹುಟ್ಟಿಸಲು ತೆರಬೇಕಾದ ಎಳೆತ ಸುಮಾರು ಶೇ. 48 ಕಡಿಮೆ ಇರುತ್ತದೆ. ಹರಹಿನ ಕಾಲು ಭಾಗಕ್ಕೆ, ಅಂದರೆ 2 ಮೀಟರಿಗೆ, ಏರಿದರೆ ಆ ರಿಯಾಯಿತಿ ಶೇ. 23.5ಕ್ಕೆ ಇಳಿಯುತ್ತದೆ. 8 ಮೀಟರಿನಲ್ಲಿ ಉಳಿಯುವುದು ಶೇ. 1.4. ಇದರ ಮೇಲೆ ಉಬ್ಬಿದ ಸ್ಕರ್ಟಿನ ಎಳೆತ ಬೇರೆ. ಅಂತರರಾಷ್ಟ್ರೀಯ ಸಾಗರ ಸಂಸ್ಥೆಯ ವರ್ಗೀಕರಣದಲ್ಲಿ ನೆಲದ ಪ್ರಭಾವ ಬಿಟ್ಟು ಏಳಲಾಗದ ವಾಹನಗಳಿಗೆಂದೇ ಎ ವರ್ಗವಿದೆ. ನಿಮ್ಮದು ಅಂಥದ್ದಾಗಿದ್ದರೆ ಅದನ್ನು ಒಪ್ಪಿಕೊಂಡು ಅಲ್ಲೇ ಓಡಿಸಿ.

ಆದರೆ ಹಿಂದೆ ಏರುತ್ತಿದ್ದದ್ದು ಈಗ ಏರುತ್ತಿಲ್ಲವಾದರೆ ರೆಕ್ಕೆಯ ಮೇಲ್ಮೈಗೆ ಒಂದು ಗೇಣಿಗೊಂದರಂತೆ ಉಲ್ಲನ್ ನೂಲಿನ ತುಂಡುಗಳನ್ನು ಅಂಟಿಸಿ ಓಡಿಸಿ, ವಿಡಿಯೊ ನೋಡಿ. ಹಿಂದಕ್ಕೆ ನೆಟ್ಟಗೆ ಮಲಗಿದ ನೂಲು ಒಳ್ಳೆಯ ಹರಿವನ್ನು ತೋರಿಸುತ್ತದೆ. ಸುತ್ತುವ, ಮುಂದಕ್ಕೆ ಮಗುಚುವ ನೂಲು ಇರುವಲ್ಲಿ ಗಾಳಿ ರೆಕ್ಕೆಯನ್ನು ಬಿಟ್ಟಿದೆ. ಸಾಮಾನ್ಯವಾಗಿ ಇದು ಕ್ಯಾಬಿನ್ನಿಗೆ ರೆಕ್ಕೆ ಸೇರುವ ಮೂಲೆಯಲ್ಲಿ ಕಾಣುತ್ತದೆ. ಅಲ್ಲಿನ ಸಂದನ್ನು ಮುಚ್ಚಿ ದುಂಡನೆಯ ತಿರುವು ಕೊಟ್ಟರೆ ಬಹಳಷ್ಟು ಸರಿಹೋಗುತ್ತದೆ. ಮುಂದಿನ ಅಂಚಿನಲ್ಲಿ ಒಣಗಿದ ಕೆಸರಿದ್ದರೆ ಮೊದಲು ತೊಳೆಯಿರಿ.

ಒಂದು ಕಡೆಗೆ ವಾಲುವುದು

ಮೆತ್ತೆಯ ಮೇಲೆ ನಿಂತಾಗಲೇ ವಾಲಿದರೆ ತೂಕ ಅಥವಾ ಸ್ಕರ್ಟ್. ವೇಗದೊಂದಿಗೆ ವಾಲಿಕೆ ಬೆಳೆದರೆ ರೆಕ್ಕೆಯ ತಿರುಚು. ಎರಡು ರೆಕ್ಕೆಗಳ ಕೋನದಲ್ಲಿ ಅರ್ಧ ಡಿಗ್ರಿ ವ್ಯತ್ಯಾಸವಿದ್ದರೆ ಏಳುವ ವೇಗದಲ್ಲಿ ಒಂದು ರೆಕ್ಕೆಯ ನಡುವೆ ಹತ್ತು ಕಿಲೋ ಚೀಲ ನೇತುಹಾಕಿದಷ್ಟು ಪರಿಣಾಮವಾಗುತ್ತದೆ. ರೆಕ್ಕೆಯ ಹಿಂಬದಿಯಲ್ಲಿ ವಾಲಿಕೆ ತಿದ್ದಲು ಇರುವ ಪಟ್ಟಿಯಾದ ಐಲೆರಾನಿನಿಂದ ಇದನ್ನು ತಿದ್ದಿಕೊಂಡು ಓಡಿಸಬೇಡಿ. ಬುಡದ ಬೋಲ್ಟಿಗೆ ತೆಳು ಪಟ್ಟಿ ಕೊಟ್ಟು ಕೋನವನ್ನೇ ಸರಿಮಾಡಿ, ರಸಮಟ್ಟದಿಂದ ಮತ್ತೆ ಅಳೆಯಿರಿ.

ಯಾವ ದುರಸ್ತಿಯ ನಂತರವೂ ಒಂದು ಸಲಕ್ಕೆ ಒಂದನ್ನೇ ಬದಲಿಸಿ, 36ರಲ್ಲಿ, 54ರಲ್ಲಿ, 72ರಲ್ಲಿ ಪ್ರತಿಯೊಂದರಲ್ಲೂ ಎರಡೆರಡು ಸಲ ಓಡಿಸಿ ಬರೆದುಕೊಳ್ಳಿ. ಜೀವರಕ್ಷಕ ಜಾಕೆಟ್, ಹೆಲ್ಮೆಟ್, ಹತ್ತಿರದಲ್ಲೇ ಕಾವಲು ದೋಣಿ ಇಲ್ಲದೆ 72 ದಾಟಬೇಡಿ. ಮೊದಲ ಸಲ ನೀರು ಬಿಟ್ಟೇಳುವಾಗ ಎದುರಿಗೆ ಕನಿಷ್ಠ ಒಂದು ಕಿಲೋಮೀಟರ್ ಖಾಲಿ ನೀರಿರಲಿ, ಫ್ಯಾನ್ ಓಡುತ್ತಲೇ ಇರಲಿ: ಏನೇ ತಪ್ಪಿದರೂ ಇಳಿದು ಕೂರಲು ಮೆತ್ತೆ ಕೆಳಗೆ ಸಿದ್ಧವಿರಬೇಕು.